ಯಮುನಕ್ಕ ಬಂದ ಡೆಮೊ ಕ್ಲಾಸ್

ಕೊರೋನಾ ಮುಗಿದು ತರಗತಿಗಳು ಮತ್ತೆ ತೆರೆದ ವರ್ಷ ನಾನು ಮಣಿಪಾಲದ ಒಂದು ತರಬೇತಿ ಕೇಂದ್ರದಲ್ಲಿ ಸ್ಪೋಕನ್ ಇಂಗ್ಲಿಷ್ ಶಿಕ್ಷಕಿ, ಗುತ್ತಿಗೆಯ ಮೇಲೆ. ಕಾರ್ಕಳದ ವನಿತಾ ನನ್ನ ಜೊತೆಗಾತಿ. ಖಾಯಂ ಹುದ್ದೆ ಒಂದೇ ಇತ್ತು. ಅದಕ್ಕಾಗಿ ಇಬ್ಬರೂ ಆಯ್ಕೆ ಸಮಿತಿಯ ಮುಂದೆ ಪ್ರೆಸೆಂಟ್ ಕಂಟಿನ್ಯೂಯಸ್ ಟೆನ್ಸ್ ಪಾಠ ಮಾಡಿ ತೋರಿಸಬೇಕಿತ್ತು.

ಆಮ್, ಈಸ್, ಆರ್‌ಗಳಲ್ಲಿ ಕರ್ತೃವಿಗೆ ಹೊಂದುವುದನ್ನು ಇಟ್ಟು, ಕ್ರಿಯಾಪದಕ್ಕೆ 'ಇಂಗ್' ಸೇರಿಸಿದರೆ ಈ ಕಾಲರೂಪ ಸಿದ್ಧ. ಕಷ್ಟವಿರುವುದು ಬಳಕೆಯಲ್ಲಿ. ಈಗ ನಡೆಯುತ್ತಿರುವ ಕೆಲಸಕ್ಕೆ, ಮೊದಲೇ ಗೊತ್ತು ಮಾಡಿಕೊಂಡ ನಾಳೆಯ ಕೆಲಸಕ್ಕೆ ಅದು ಸರಿ. ದಿನನಿತ್ಯದ ರೂಢಿಗೆ ಅಲ್ಲ. ನಮ್ಮ ವಿದ್ಯಾರ್ಥಿಗಳು ಎಲ್ಲದಕ್ಕೂ 'ಇಂಗ್' ಹಚ್ಚುತ್ತಿದ್ದರು. ಹಾಗಾಗಿ ಅವರನ್ನು ಶಂಕರಪುರದಲ್ಲಿ ಹೂ ಕಟ್ಟುವ ಯಮುನಕ್ಕನ ಜಗಲಿಗೆ ಕರೆದೊಯ್ಯುತ್ತಿದ್ದೆ. ಯಮುನಕ್ಕ ಮಲ್ಲಿಗೆ ಕಟ್ಟುವಷ್ಟು ಹೊತ್ತು ಎಲ್ಲರೂ "ಶಿ ಈಸ್ ಟೈಯಿಂಗ್ ಫ್ಲವರ್ಸ್" ಎನ್ನಬೇಕು. ಕೈ ನಿಂತರೆ "ಶಿ ಟೈಸ್ ಫ್ಲವರ್ಸ್ ಎವೆರಿ ಡೇ" ಎಂದು ಬದಲಿಸಬೇಕು. ಯಮುನಕ್ಕ ಬೇಕೆಂದೇ ಥಟ್ಟನೆ ನಿಲ್ಲಿಸಿ, "ಸಿಕ್ಕಿಬಿದ್ದಿರಿ ಅಲ್ವಾ!" ಎಂದು ನಗುತ್ತಿದ್ದರು. ವನಿತಾ ಒಮ್ಮೆ ನೋಡಲು ಬಂದಿದ್ದಳು.

ಡೆಮೊ ದಿನ ಮೊದಲ ಸರದಿ ಅವಳದು. ಹೊರಗೆ ಕಾಯುತ್ತಿದ್ದ ನನಗೆ ಒಳಗಿನಿಂದ ಅದೇ ನಗು ಕೇಳಿತು. ಬಾಗಿಲು ತೆರೆದಾಗ ಹೂವಿನ ಬುಟ್ಟಿ ಹಿಡಿದು ಯಮುನಕ್ಕ ಬಂದರು.

"ನೀವು ಬರಲಿಕ್ಕೆ ಹೇಳಿದ್ದು ಅಂತ ವನಿತಾ ಟೀಚರ್ ಕರೆದುಕೊಂಡು ಬಂದರು. ಇವತ್ತಿನ ಹೂ ಮಾರಲಿಕ್ಕೆ ಕೊಡಲೇ ಇಲ್ಲ ನಾನು. ನಿಮ್ಮ ಕೆಲಸಕ್ಕೆ ಅಲ್ವಾ?"

ನಾನು ಒಳಗೆ ಹೋದೆ. ಸಮಿತಿಯವರೊಬ್ಬರು, "ಹೂವಿನ ಪಾಠ ಈಗಷ್ಟೇ ಆಯ್ತು. ನಿಮ್ಮದು ಹೊಸತು ಎಂತ ಉಂಟು?" ಎಂದರು. ಬೋರ್ಡಿನ ಮೇಲೆ ಸೂತ್ರ ಬರೆದು, ನಾಲ್ಕು ಉದಾಹರಣೆ ಕೊಟ್ಟು ಮುಗಿಸಿದೆ. ಹುದ್ದೆ ವನಿತಾಗೆ ಹೋಯಿತು.

"ಪಾಠಕ್ಕೆ ಯಜಮಾನರು ಉಂಟಾ ಮಾರಾಯ್ತಿ?" ಎಂದಳು ಆಮೇಲೆ. "ಬೇಕಾದರೆ ಯಮುನಕ್ಕನನ್ನು ಕರಿ ಅಂತ ನೀನೇ ಒಮ್ಮೆ ಹೇಳಿದ್ದಿ."

ಹೇಳಿದ್ದೆನೇ? ನೆನಪನ್ನು ಎಷ್ಟೋ ಸಲ ಕೆದಕಿದ್ದೇನೆ. ಒಂದು ದಿನ ಹೇಳಿದಂತೆ ತೋರುತ್ತದೆ, ಮರುದಿನ ಇಲ್ಲ. ಆದರೆ ಆ ದಿನ ಯಮುನಕ್ಕನನ್ನು ಬರಹೇಳಿದ್ದು ನಾನಲ್ಲ. ಅವರನ್ನು ಅಲ್ಲಿ ಕಂಡು ನಾನು ಬೆಚ್ಚಿಬಿದ್ದದ್ದಂತೂ ಸುಳ್ಳಲ್ಲ.

ಮರುವಾರ ಜಗಲಿಗೆ ಹೋದಾಗ ಯಮುನಕ್ಕ, "ಕೆಲಸ ಗಟ್ಟಿಯಾಯ್ತಲ್ಲ ಟೀಚರ್?" ಎಂದರು. ನಡೆದದ್ದನ್ನು ಹೇಳಿದೆ. ಅವರು ಕೇಳಿದ್ದು ಒಂದೇ: "ಹಾಗಾದರೆ ನಾನು ಬಂದದ್ದು ಯಾರಿಗಾಗಿ?"

ಈಗ ಯಾರ ಸಹಾಯ ಬೇಕಾದರೂ ನಾನೇ ಅವರ ಮನೆಗೆ ಹೋಗಿ ಕೇಳುತ್ತೇನೆ. ನನ್ನ ಹೆಸರಿನಲ್ಲಿ ಬೇರೆಯವರು ಕರೆದರೆ ಬರಬೇಡಿ ಎಂದೂ ಹೇಳುತ್ತೇನೆ. ಹಾಗೆ ಹೇಳುವಾಗ ಪ್ರತಿ ಸಲವೂ ನಾಚಿಕೆಯಾಗುತ್ತದೆ, ನಾಚಬೇಕಾದವಳು ನಾನಲ್ಲ ಎಂದು ಗೊತ್ತಿದ್ದರೂ.