ಕಸ್ತೂರಿಯ ಹಗೇವು, ನನ್ನ ಹೊಟ್ಟೆಕಿಚ್ಚು

ನನಗೀಗ ಐವತ್ನಾಲ್ಕು. ಬೈಲಹೊಂಗಲದ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತೇನೆ. ಈ ವಯಸ್ಸಿನಲ್ಲಿ ಬಿ.ಎ. ಓದುವ ಹುಡುಗಿಯೊಬ್ಬಳ ಮೇಲೆ ಹೊಟ್ಟೆಕಿಚ್ಚು ಪಟ್ಟೆ ಎಂದು ಒಪ್ಪಿಕೊಳ್ಳುವುದು ಸುಲಭವಲ್ಲ. ಸಹೋದ್ಯೋಗಿಗಳ ಮೇಲಾಗಿದ್ದರೆ ಅದಕ್ಕೊಂದು ಮರ್ಯಾದೆಯಿತ್ತು. ನಮ್ಮ ಸ್ಟಾಫ್ ರೂಮಿನಲ್ಲಿ ಅದು ಚಹಾದಷ್ಟೇ ಸಾಮಾನ್ಯ. ಸಂಸ್ಕೃತದವರು ಇದನ್ನು ಮತ್ಸರ, ಅಸೂಯೆ ಎಂದು ಕರೆದು ಮನಸ್ಸಿನ ರೋಗಗಳ ಪಟ್ಟಿಗೆ ಸೇರಿಸಿದರು. ಕನ್ನಡ ಒಂದೇ ಏಟಿಗೆ ಅದರ ಜಾಗ ಹೊಟ್ಟೆಯೆಂದು ತೋರಿಸಿಬಿಟ್ಟಿತು. ಅನುಭವದಿಂದ ಹೇಳುತ್ತೇನೆ, ಕನ್ನಡವೇ ಸರಿ.

ವಿದ್ಯಾರ್ಥಿಗಳಿಗೆ ಅಂತರ್ಜಾಲದ ವಿಶ್ವಕೋಶಕ್ಕೆ ಬರೆಯಲು ಕಲಿಸಬೇಕೆಂದು ವಿಶ್ವವಿದ್ಯಾಲಯದಿಂದ ಸುತ್ತೋಲೆ ಬಂತು. ಎರಡು ದಿನದ ತರಬೇತಿ ಮುಗಿಸಿ ಬಂದ ನಾನು ಅದರಲ್ಲಿ ಪಂಡಿತನಾದೆ. ಸ್ವಂತ ಅಭಿಪ್ರಾಯ ಬೇಡ, ಹೊಗಳಿಕೆ ಬೇಡ, ಅಚ್ಚಾದ ಆಧಾರವಿಲ್ಲದೆ ಒಂದು ವಾಕ್ಯವೂ ಬೇಡ ಎಂದು ಕಂಪ್ಯೂಟರ್ ಕೋಣೆಯಲ್ಲಿ ನಿಂತು ಗಂಟೆಗಟ್ಟಲೆ ಹೇಳಿದೆ. ಹುಡುಗರು ಕಿತ್ತೂರಿನ ಕೋಟೆ, ಸವದತ್ತಿಯ ಗುಡ್ಡ ಎಂದು ಹೊರಟರು. ಮುನವಳ್ಳಿಯಿಂದ ಬಸ್ಸಿಗೆ ಬರುವ ಕಸ್ತೂರಿ ಮಾತ್ರ ಹಗೇವಿನ ಬಗ್ಗೆ ಬರೆಯುತ್ತೇನೆಂದಳು. ಹಗೇವು ಎಂದರೆ ಹಿಂದೆ ಜೋಳ ಕೆಡದಂತೆ ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿ. ಅವಳ ಅಜ್ಜ ಫಕೀರಪ್ಪನವರು ನಲವತ್ತು ವರ್ಷ ಅದರೊಳಗೆ ಇಳಿದು ಕಾಳು ತೆಗೆದುಕೊಟ್ಟವರು.

ಮಾದರಿಗಿರಲೆಂದು ನಾನೂ ಹುಟ್ಟೂರು ಮುರಗೋಡದ ಮೇಲೆ ಉದ್ದನೆಯ ಲೇಖನ ಬರೆದೆ. ಎರಡು ವಾರ ಹಿಡಿಯಿತು. ಹಾಕಿದ ಮೂರನೆಯ ದಿನ ಯಾರೋ ಪುಣ್ಯಾತ್ಮ ಅದರಲ್ಲಿ ಎರಡು ವಾಕ್ಯ ಉಳಿಸಿ ಮಿಕ್ಕಿದ್ದೆಲ್ಲ ಅಳಿಸಿದ. ‘ಇದು ವಿಶ್ವಕೋಶದ ಬರಹವಲ್ಲ, ಸನ್ಮಾನ ಸಮಾರಂಭದ ಭಾಷಣ’ ಎಂದು ಕಾರಣವನ್ನೂ ಬರೆದಿದ್ದ. ಕಸ್ತೂರಿಯ ಲೇಖನ ಮಾತ್ರ ಗಟ್ಟಿಯಾಗಿ ನಿಂತಿತು. ಗುಂಡಿಯ ಆಳ, ಒಳಗೆ ಹೊದಿಸುವ ಹುಲ್ಲು, ಬಾಯಿ ಮುಚ್ಚುವ ಕಲ್ಲು, ಎಲ್ಲ ಸಣ್ಣ ಸಣ್ಣ ವಾಕ್ಯಗಳಲ್ಲಿ. ಎಲ್ಲೆಲ್ಲಿಯವರೋ ಮೆಚ್ಚಿ ಬರೆದರು. ತರಗತಿ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ಸ್ವಲ್ಪ ತಡವಾಗಿ. ಆಮೇಲೆ ದಿನಾ ಬೆಳಿಗ್ಗೆ ಅವಳ ಲೇಖನವನ್ನು ಎಷ್ಟು ಜನ ಓದಿದ್ದಾರೆ ಎಂದು ನೋಡುವುದು, ನೋಡಿ ಉಪ್ಪಿಟ್ಟಿನಲ್ಲಿ ಉಪ್ಪಿಲ್ಲವೆಂದು ಹೆಂಡತಿಯ ಮೇಲೆ ಸಿಡುಕುವುದು ನನ್ನ ನಿತ್ಯವಿಧಿಯಾಯಿತು.

ಹೀಗಿರುವಾಗ ಒಂದು ಸೋಮವಾರ ಆ ಲೇಖನದ ನೆತ್ತಿಯ ಮೇಲೆ ಸೂಚನೆಯೊಂದು ಬಂದು ಕೂತಿತು. ಅಚ್ಚಾದ ಆಧಾರ ಕೊಡದಿದ್ದರೆ ವಾರದೊಳಗೆ ಲೇಖನವನ್ನು ತೆಗೆಯಲಾಗುವುದು. ಕಸ್ತೂರಿ ಸ್ಟಾಫ್ ರೂಮಿಗೆ ಬಂದು ಹಗೇವಿನ ಬಗ್ಗೆ ಯಾವುದಾದರೂ ಪುಸ್ತಕವಿದೆಯೇ ಎಂದು ಕೇಳಿದಳು.

ಇತ್ತು. ಮಲಪ್ರಭೆಯ ಕಡೆಯ ಒಕ್ಕಲುತನದ ಮೇಲೊಂದು ಹಳೆಯ ಪುಸ್ತಕ. ಹಗೇವಿಗೆಂದೇ ಒಂದು ಅಧ್ಯಾಯ. ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿದ್ದ ಒಂದೇ ಪ್ರತಿಯನ್ನು ಆರು ವರ್ಷದ ಹಿಂದೆ ಮನೆಗೆ ಒಯ್ದವನು ನಾನು. ಅವಳು ಕೇಳುತ್ತಿದ್ದಂತೆ ಅದರ ಕಂದು ರಟ್ಟು ಕಣ್ಣ ಮುಂದೆ ಬಂತು.

“ನೋಡೋಣು,” ಎಂದೆ.

ಸುಳ್ಳಲ್ಲದ, ನಿಜವೂ ಅಲ್ಲದ ಇಂಥ ಮಾತು ಅಧ್ಯಾಪಕರ ಬಾಯಲ್ಲಿ ಸದಾ ಸಿದ್ಧವಿರುತ್ತದೆ. ಅವಳು ಸವದತ್ತಿಯ ಗ್ರಂಥಾಲಯಕ್ಕೆ ಹೋದಳು, ರಾಮದುರ್ಗದ್ದಕ್ಕೂ ಹೋದಳು, ಬರಿಗೈಲಿ ಬಂದಳು. ನಾನು ಮನೆಯಲ್ಲಿ ಆ ಪುಸ್ತಕವಿದ್ದ ಕಪಾಟಿನ ಕಡೆ ಬೆನ್ನು ಮಾಡಿ ಕೂತು ಪೇಪರು ಓದಿದೆ. ಮುರಗೋಡಕ್ಕೆ ಆದದ್ದು ಮುನವಳ್ಳಿಗೂ ಆಗಲಿ ಎಂದು ಬಾಯಿಬಿಟ್ಟು ಅನ್ನಲಿಲ್ಲ, ಅಷ್ಟೇ.

ಶನಿವಾರ ಕಸ್ತೂರಿ ಮತ್ತೆ ಬಂದಳು. ಅಜ್ಜ ನನ್ನನ್ನು ಏನೋ ಕೇಳಬೇಕಂತೆ, ಮನೆಗೆ ಬರಬೇಕಂತೆ. ಭಾನುವಾರ ಹೊರಟೆ. ಹೊರಡುವಾಗ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡೆ. ಕೊಡುವುದಕ್ಕೋ, ಹಾಗೇ ವಾಪಸು ತರುವುದಕ್ಕೋ ಎಂಬುದು ಬಸ್ಸು ಮುರಗೋಡ ದಾಟಿದರೂ ತೀರ್ಮಾನವಾಗಿರಲಿಲ್ಲ.

ಫಕೀರಪ್ಪನವರು ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂಡಿಸಿದರು. ಚಹಾ ಮುಗಿದ ಮೇಲೆ ಕೇಳಿದರು:

“ನಾ ಹೇಳಿದ್ದು ಸಾಲಂಗಿಲ್ಲಂತ, ಖರೇ ಏನ್ರಿ?”

ಅಚ್ಚಾದದ್ದೇ ಬೇಕೆಂಬುದು ಅಲ್ಲಿಯ ನಿಯಮ ಎಂದು ವಿವರಿಸಿದೆ.

“ಆತು ಬಿಡ್ರಿ. ಪುಸ್ತಕ ಬರದಾವ್ರು ಹಗೇವಿನಾಗ ಇಳದಿದ್ರೇನು?”

ಸಿಟ್ಟಿನಿಂದ ಕೇಳಿದ್ದಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದು. ಚೀಲದಲ್ಲಿ ಪುಸ್ತಕವಿತ್ತು. ತೆಗೆದು ಆ ಅಧ್ಯಾಯವನ್ನು ಗಟ್ಟಿಯಾಗಿ ಓದಿದೆ. ಒಳಗೆ ಕೆಟ್ಟ ಗಾಳಿ ತುಂಬಿರುವುದರಿಂದ ಮೊದಲು ಕಂದೀಲು ಇಳಿಬಿಡುತ್ತಾರೆ, ಅದು ಆರಿದರೆ ಮನುಷ್ಯ ಇಳಿಯುವುದಿಲ್ಲ ಎಂಬಲ್ಲಿಗೆ ಬಂದಾಗ ಮುದುಕರು ಕೈಯೆತ್ತಿ ನಿಲ್ಲಿಸಿದರು.

“ಅದಕ್ಕೂ ಮೊದಲ ಇಡೀ ಒಂದ ದಿನ ಬಾಯಿ ತಗದ ಇಡಬೇಕ್ರಿ. ನಮ್ಮ ಅಣ್ಣ ಗಡಿಬಿಡಿ ಮಾಡಿ ಇಳದಾಂವ, ಮ್ಯಾಲ ಬರಲಿಲ್ಲ. ಅದನ್ನ ಬರದಿಲ್ಲಲ್ಲ ಅವ್ರು.”

ಬರೆದಿರಲಿಲ್ಲ. ಕಸ್ತೂರಿ ಒಳಗೆ ಹೋಗಿ ನೋಟ್‌ಬುಕ್ ತಂದು ಪುಟದ ಸಂಖ್ಯೆ ಗುರುತು ಹಾಕಿಕೊಂಡಳು. ಅಜ್ಜ ಹೇಳಿದ್ದನ್ನೂ ಬೇರೆ ಹಾಳೆಯಲ್ಲಿ ಬರೆದುಕೊಂಡಳು.

ಬಸ್ ಸ್ಟ್ಯಾಂಡಿನವರೆಗೆ ಕಳಿಸಲು ಬಂದವಳ ಮುಂದೆ ನಾನು ತಡೆದು ತಡೆದು ಹೇಳಿದೆ, ಸೋಮವಾರ ನೀನು ಕೇಳಿದಾಗಲೂ ಪುಸ್ತಕ ನನ್ನ ಮನೆಯಲ್ಲೇ ಇತ್ತು ಎಂದು.

“ಗೊತ್ತಿತ್ರಿ ಸರ. ಲೈಬ್ರರಿ ರಜಿಸ್ಟರನ್ಯಾಗ ನಿಮ್ಮ ಹೆಸರ ಇತ್ತು. ನಿಮ್ಮನ್ನ ಕೇಳಿದ ಮ್ಯಾಲ ಸೋಮವಾರನ ನೋಡಿದ್ದೆ.”

ಮತ್ತೆ ಸವದತ್ತಿ, ರಾಮದುರ್ಗ ಯಾಕೆ ತಿರುಗಿದೆ ಎಂದೆ.

“ಬ್ಯಾರೆ ಕಡೆ ಸಿಕ್ಕಿದ್ರ ನಿಮ್ಮನ್ನ ಮತ್ತ ಕೇಳೂದು ತಪ್ಪತಿತ್ರಿ. ನಿಮಗ ಹ್ಯಾಂಗೋ ಆಗತಿತ್ತಲ್ರಿ.”

ಬಸ್ಸು ಬಂತು. ಹತ್ತಿ ಕೂತೆ, ಅವಳು ಚೀಲವನ್ನು ಕಿಟಕಿಯಿಂದ ಕೊಟ್ಟಳು.

ಲೇಖನ ಉಳಿಯಿತು. ಅದರ ಮೇಲೆ ನನಗೀಗ ಒಂದಿಷ್ಟೂ ಹೊಟ್ಟೆಕಿಚ್ಚಿಲ್ಲ. ಎಷ್ಟು ಜನ ಓದಿದರೆಂದು ನೋಡುವುದನ್ನೂ ಬಿಟ್ಟೆ. ಆದರೆ ಗುರುವಿನ ಸಣ್ಣತನ ಗೊತ್ತಿದ್ದೂ ಅವನ ಮುಖ ಉಳಿಸಲು ಊರೂರು ತಿರುಗುವ ಬುದ್ಧಿ ಇಪ್ಪತ್ತು ವರ್ಷಕ್ಕೇ ಅವಳಿಗೆ ಹೇಗೆ ಬಂತು ಎಂದು ಯೋಚಿಸಿದಾಗಲೆಲ್ಲ ಹೊಟ್ಟೆಯಲ್ಲಿ ಮತ್ತೆ ಚುರುಕ್ ಎನ್ನುತ್ತದೆ. ಈ ಉರಿಯನ್ನು ಆರಿಸುವ ಪ್ರಯತ್ನವನ್ನು ಮಾತ್ರ ನಾನು ಮಾಡಿಲ್ಲ.