ಔಲಿಸ್ ಅಂಕಲ್ ಜೊತೆ ಹತ್ತು ಮೈಲಿ

ನಮ್ಮ ಎದುರು ಮನೆಯ ಔಲಿಸ್ ಅಂಕಲ್ ಯೌವನದಲ್ಲಿ ಫಿನ್ಲೆಂಡಿನ ಹತ್ತು ಸಾವಿರ ಮೀಟರ್ ಓಟದ ಚಾಂಪಿಯನ್ ಆಗಿದ್ದವರು. ಮದುವೆಯಾಗಿ ಮಿಷಿಗನ್‌ಗೆ ಬಂದು, ಅಲ್ಲಿನ ವಾರೆನ್ ಊರಿನ ಕಾರು ಕಂಪನಿಯಲ್ಲಿ ಮೂವತ್ತು ವರ್ಷ ಹೊಸ ಕಾರುಗಳ ಮಾದರಿಯನ್ನು ಜೇಡಿಮಣ್ಣಿನಲ್ಲಿ ತಿದ್ದುವ ಕೆಲಸ ಮಾಡಿದರು. ಬೆಳಗಿನ ಓಟವನ್ನು ಮಾತ್ರ ಬಿಟ್ಟವರಲ್ಲ.

೧೯೯೯ರ ಹೊತ್ತಿಗೆ ಅವರ ಕಣ್ಣು ಮಂಜಾಯಿತು. ಓಡುವಾಗ ರಸ್ತೆಬದಿಯ ಯಾರದೋ ಮೇಲ್‌ಬಾಕ್ಸಿಗೆ ಡಿಕ್ಕಿ ಹೊಡೆದು ಹಲ್ಲು ಮುರಿದುಕೊಂಡರು. ಆಮೇಲೂ ದಿನಾ ನಸುಕಿನಲ್ಲಿ ಶೂ ಕಟ್ಟಿಕೊಂಡು ಡ್ರೈವ್‌ವೇ ತುದಿಗೆ ಬಂದು, ಸ್ವಲ್ಪ ಹೊತ್ತು ನಿಂತು, ಒಳಗೆ ಹೋಗುತ್ತಿದ್ದರು. ಅಡುಗೆಮನೆಯ ಕಿಟಕಿಯಿಂದ ಎರಡು ವಾರ ನೋಡಿದೆ. ಮೂರನೆಯ ವಾರ ತಡೆಯಲಾಗಲಿಲ್ಲ. ಗದಗಿನ ಹೈಸ್ಕೂಲಿನಲ್ಲಿ ನಾನೂ ಓಡುತ್ತಿದ್ದವಳೇ.

"ಖಲೀದಾ, ಹೊರಗ ಇಪ್ಪತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ಐತಿ, ನೀರು ಹೆಪ್ಪುಗಟ್ಟೋ ಚಳಿ. ಹುಚ್ಚು ಹಿಡದೈತೇನ?" ಎಂದರು ನನ್ನ ಗಂಡ ಖಾದರ್.

"ಅವರೂ ಅದ ಚಳ್ಯಾಗ ನಿಂತಾರಲ್ರಿ," ಎಂದು ಸ್ಕಾರ್ಫ್ ಬಿಗಿದುಕೊಂಡು ಹೊರಟೆ.

ಒಂದು ಹಗ್ಗದ ತುಂಡು. ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಅರ್ಧ ಮೈಲಿಗೇ ನನಗೆ ಉಸಿರು ಕಟ್ಟಿತು.

"ಮಾತಾಡ್ತಾ ಓಡು, ಆಗ ಸರಿಯಾದ ವೇಗ ಸಿಗುತ್ತೆ," ಎಂದರು ಅಂಕಲ್.

ಅಂದಿನಿಂದ ಕಂಡದ್ದನ್ನೆಲ್ಲ ಹೇಳುತ್ತಾ ಓಡಿದೆ. ಹಿಮ ಹೊದ್ದ ಕಾರುಗಳು, ಮೊಲದ ಹೆಜ್ಜೆ, ಗುಲಾಬಿಗೆ ತಿರುಗುವ ಮೋಡ. ಅವರು ಎಲ್ಲವನ್ನೂ ಕಂಡವರಂತೆ ತಲೆಯಾಡಿಸುತ್ತಿದ್ದರು. ಹುಡುಗನಾಗಿದ್ದಾಗ ಊರಿನ ಕೆರೆ ಕಂಡೊಡನೆ ಎಲ್ಲರನ್ನೂ ಹಿಂದೆ ಹಾಕಿ ಓಡುತ್ತಿದ್ದೆ ಎಂದು ಒಮ್ಮೆ ಹೇಳಿದ್ದರು.

ಮುಂದಿನ ಅಕ್ಟೋಬರಿನಲ್ಲಿ ಊರಿನ ಹತ್ತು ಮೈಲಿ ಓಟಕ್ಕೆ ಇಬ್ಬರೂ ಹೆಸರು ಕೊಟ್ಟೆವು. ಕೊನೆಯ ಮೈಲಿಯಲ್ಲಿ ಅವರು ಫಿನ್ನಿಶ್‌ನಲ್ಲಿ ಏನೋ ಗುನುಗತೊಡಗಿದರು. ಆಮೇಲೆ ಇಂಗ್ಲಿಷಿನಲ್ಲಿ, ತೀರಾ ಮೆಲ್ಲಗೆ, "ಕೆರೆ ಬಂತಾ?" ಎಂದು ಕೇಳಿದರು.

ಮಳೆನೀರು ನಿಂತ ಪಾರ್ಕಿಂಗ್ ಲಾಟು ಇಡೀ ಆಕಾಶವನ್ನು ಹಿಡಿದು ಹೊಳೆಯುತ್ತಿತ್ತು.

"ಬಂತು, ಅಂಕಲ್."

"ಮುಂದೆ ಯಾರಿದ್ದಾರೆ?"

ಉಳಿದವರೆಲ್ಲ ಯಾವಾಗಲೋ ಮುಗಿಸಿದ್ದರು. ರಸ್ತೆ ನೇರವಾಗಿತ್ತು, ಖಾಲಿಯಿತ್ತು.

"ಯಾರೂ ಇಲ್ಲ."

ಹಗ್ಗ ಜಾರಿತು. ನಾನೇ ಬಿಟ್ಟೆನೋ, ಅವರೇ ಎಳೆದುಕೊಂಡರೋ ಇಂದಿಗೂ ತಿಳಿಯದು. ಅರವತ್ತಾರರ ಮನುಷ್ಯ ಹುಲ್ಲಿನ ಮೇಲೆ ಗಾಳಿ ಹೋದಂತೆ ಹೋದರು. "ನೇರ! ನೇರ!" ಎಂದು ಕೂಗುತ್ತಾ ನಾನು ಹಿಂದೆ ಓಡಿದೆ. ಮುಕ್ತಾಯದ ಗೆರೆಯಾಚೆ ಕಾದಿದ್ದ ಖಾದರ್ ಅವರನ್ನು ತಬ್ಬಿ ನಿಲ್ಲಿಸಿದರು.

"ಗೆದ್ದೆನಾ?" ಎಂದರು ಅಂಕಲ್.

"ಮುನ್ನೂರ ಹನ್ನೊಂದನೇ ನಂಬರ್," ಎಂದೆ. ಅವರು ಬಿದ್ದು ಬಿದ್ದು ನಕ್ಕರು.

ಎರಡು ವರ್ಷದ ಮೇಲೆ ಅಂಕಲ್‌ರ ಮಗಳು ಅವರನ್ನು ತಾನಿರುವ ಲಿಸ್ಲ್ ಊರಿಗೆ ಕರೆದುಕೊಂಡು ಹೋದಳು. ಚಿಕ್ಕಂದಿನಲ್ಲಿ ಅಪ್ಪ ಎಷ್ಟು ಕರೆದರೂ ಓಟಕ್ಕೆ ಹೋಗದವಳು, ಈಗ ದಿನಾ ಬೆಳಿಗ್ಗೆ ಅವರ ಪಕ್ಕದಲ್ಲಿ ಓಡುತ್ತಿದ್ದಾಳೆ.