ಕಾಕಾನ ನೇರಳೆ ದೀಪ

ಹೋದ ವಾರ ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಯವನು ಹಲಗೇರಿಯ ರೈತರೊಬ್ಬರಿಗೆ ಬೆರಳುದ್ದದ ಬ್ಯಾಟರಿ ದೀಪವೊಂದನ್ನು ತೋರಿಸುತ್ತಿದ್ದ. ಅದರದು ನೇರಳೆ ಬೆಳಕು. "ಹೊಲದಾಗ ಚೇಳ ಇದ್ರ ಹಸರಾಗಿ ಹೊಳಿತೈತ್ರಿ, ತುಳಿಯೂದ ತಪ್ಪತೈತಿ" ಎಂದು ಅವನು ಕೈ ಆಡಿಸಿದಾಗ ಬೆಳಕು ನನ್ನ ಕೈಯ ಮೇಲೂ ಬಿತ್ತು. ಬೆಳಿಗ್ಗೆ ಒಗ್ಗರಣೆಗೆ ಅರಿಶಿಣ ಹಾಕಿದ ಬೆರಳ ತುದಿಗಳು ಹಳದಿಯಾಗಿ ಹೊಳೆದವು. ನಾನು ಗಕ್ಕನೆ ಕೈ ಎಳೆದುಕೊಂಡೆ. "ಏನೂ ಆಗಂಗಿಲ್ರಿ ಅಕ್ಕಾರ" ಎಂದು ಅವನು ನಕ್ಕ. ಆಗುವುದೆಲ್ಲ ಆಗಿ ಮೂವತ್ತೈದು ವರ್ಷವಾಯಿತು ಎಂದು ಅವನಿಗೇನು ಗೊತ್ತು.

ಬ್ಯಾಡಗಿಯ ನಮ್ಮ ಮನೆ ಈಗಿಲ್ಲ. ಆ ಜಾಗದಲ್ಲಿ ಮೆಣಸಿನಕಾಯಿಯ ಕೋಲ್ಡ್ ಸ್ಟೋರೇಜ್ ನಿಂತಿದೆ. ಆಗ ಸುಗ್ಗಿ ಬಂತೆಂದರೆ ಪಡಸಾಲೆಯ ತುಂಬ ಕೆಂಪು ರಾಶಿ, ಒಳಗೆ ಕಾಲಿಟ್ಟವರಿಗೆಲ್ಲ ಸೀನು. ರಾಶಿಯ ಮುಂದೆ ಕೂತು ತೊಟ್ಟು ಬಿಡಿಸುತ್ತಿದ್ದವಳು ಗೌರತ್ತಿ, ನಮ್ಮ ಅಪ್ಪನ ತಂಗಿ. ಮದುವೆಯಾದ ಎರಡನೇ ವರ್ಷವೇ ಗಂಡ ತೀರಿಕೊಂಡು ತವರಿಗೆ ಬಂದಿದ್ದಳು. ನನ್ನ ತಲೆ ಬಾಚಿ ಹೂ ಮುಡಿಸುವುದೂ ಅವಳ ಕೆಲಸವೇ. ಆಗ ಅವಳ ಕೈಯಿಂದ ಬರುತ್ತಿದ್ದ ಖಾರದ ಘಾಟಿಗೆ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು. ಅವಳಿಗೆ ಮಾತ್ರ ಹೂವಿಲ್ಲ, ಕುಂಕುಮವಿಲ್ಲ, ಅರಿಶಿಣವಿಲ್ಲ. ಅಪ್ಪನ ಅವ್ವ, ನಮ್ಮಜ್ಜಿ, ಯಜಮಾನಿಯಾಗಿದ್ದ ಆ ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಶುಕ್ರವಾರ ಓಣಿಯ ಮುತ್ತೈದೆಯರಿಗೆ ಅರಿಶಿಣ ಕುಂಕುಮ ಕೊಡುವ ಹೊತ್ತಿಗೆ ಅವಳು ಅಡಿಗೆಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ.

ಅಪ್ಪನ ತಮ್ಮ, ನಮ್ಮ ಕಾಕಾ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ. ಶಾಲೆಯ ವಸ್ತುಪ್ರದರ್ಶನಕ್ಕೆಂದು ಒಂದು ನೇರಳೆ ದೀಪ ತಂದವನು, ಮಟಮಟ ಮಧ್ಯಾಹ್ನ ಕಿಟಕಿಯಿಲ್ಲದ ಕಾಳಿನ ಕೋಣೆಯೊಳಗೆ ಮನೆಯವರನ್ನೆಲ್ಲ ಕೂಡಿಸಿ ಬಾಗಿಲು ಹಾಕಿದ. ಸೋಪಿನ ಪುಡಿಯಲ್ಲಿ ಒಗೆದ ಅವನ ಅಂಗಿ ನೀಲಿಯಾಗಿ ಬೆಳಗಿತು. ಬಾಟಲಿಯೊಳಗಿನ ಚೇಳು ಹಸಿರಾಯಿತು. ಸ್ಪಿರಿಟಿನಲ್ಲಿ ನೆನೆಸಿದ ಪಾಲಕದ ಹಸಿರು ರಸ ಕೆಂಪಗೆ ಹೊಳೆಯಿತು. ಊರಿಗೆಲ್ಲ ಬಣ್ಣ ಕೊಡುವ ನಮ್ಮ ಮೆಣಸಿನಕಾಯಿ ಮಾತ್ರ ಕರ್ರಗೆ ಸುಮ್ಮನೆ ಬಿದ್ದಿತ್ತು. ಯಾಕೆ ಹೀಗೆ ಎಂದು ಕೇಳಿದೆ. "ಈ ದೀಪದಾಗ ಕಣ್ಣಿಗೆ ಕಾಣದ ಬೆಳಕ ಐತವ್ವಿ. ಅದನ್ನ ನುಂಗಿದ ವಸ್ತು ಸ್ವಲ್ಪ ತಾನ ಇಟ್ಕೊಂಡು ಉಳಿದದ್ದ ಹೊರಗ ಬಿಡತೈತಿ. ಯಾವುದು ಎಷ್ಟ ಇಟ್ಕೊಂತೈತಿ ಅನ್ನೂದರ ಮ್ಯಾಲ ಅದರ ಬಣ್ಣ" ಎಂದ. ಮಿಂಚುಹುಳಕ್ಕೆ ಯಾರು ದೀಪ ಹಿಡಿಯುತ್ತಾರೆ ಎಂದು ಕೇಳಿದ್ದಕ್ಕೆ ನಕ್ಕ. "ಅದಕ್ಕ ಯಾರ ಬೆಳಕೂ ಬ್ಯಾಡ. ತನ್ನ ಹೊಟ್ಟ್ಯಾಗ ತಾನ ಮಾಡ್ಕೊಂತೈತಿ."

ನನಗೂ ದೀಪ ಕೊಡು ಎಂದು ಗಂಟುಬಿದ್ದೆ. "ಅಕಿ ಕೈಯಾಗ ಕೊಡಬ್ಯಾಡೋ, ಒಡದ ಹಾಕತಾಳ" ಎಂದು ಗೌರತ್ತಿ ನನ್ನ ಕೈಮೇಲೆ ಸಣ್ಣಗೆ ಏಟು ಹಾಕಿದಳು. ಎಲ್ಲರೂ ನಕ್ಕರು. ಹತ್ತು ವರ್ಷದ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅಷ್ಟರಲ್ಲಿ ಕಾಕಾ ಒಂದು ಚಿಟಿಕೆ ಅರಿಶಿಣ ತೋರಿಸಿದ; ಅದು ಹಳದಿಯಾಗಿ ಉರಿಯಿತು. "ತೊಳದ್ರೂ ಇದರ ಗುರ್ತು ಲಗೂ ಹೋಗಂಗಿಲ್ಲ ನೋಡ್ರಿ" ಎಂದ. ಗೌರತ್ತಿ ಒಲೆಯ ಮೇಲೆ ಸಾರು ಇದೆ ಎಂದು ಎದ್ದಳು. ಒಲೆಯ ಮೇಲೆ ಸಾರಿರಲಿಲ್ಲ. ಅವಳು ಯಾಕೆ ಎದ್ದಳೆಂದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಬಚ್ಚಲಲ್ಲಿ ಅವಳು ಮುಖಕ್ಕೆ ಅರಿಶಿಣ ಹಚ್ಚಿಕೊಂಡು, ಒಂದಿಷ್ಟು ಹೊತ್ತು ಸುಮ್ಮನೆ ಕೂತು, ಆಮೇಲೆ ತೊಳೆದುಕೊಳ್ಳುವುದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೆ. ಅವಳೂ ನನ್ನನ್ನು ಕಂಡು, ತುಟಿಯ ಮೇಲೆ ಬೆರಳಿಟ್ಟು ನಕ್ಕಿದ್ದಳು.

ಕಾಕಾನ ಕೈಯಿಂದ ದೀಪ ಕಸಿದುಕೊಂಡು ಅವಳ ಮುಖಕ್ಕೆ ಹಿಡಿದೆ. "ಅತ್ತಿ ಅರಿಶಿಣ ಹಚ್ಕೊಂಡಾಳ" ಎಂದೆ. ಅಡಿಗೆ ಮಾಡುವ ಕೈ ಹೊಳೆದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಗಲ್ಲ, ಗದ್ದ, ಕುತ್ತಿಗೆಯವರೆಗೂ ಹೊಳೆಯುತ್ತಿತ್ತಂತೆ. ಹಾಗೆಂದು ನಮ್ಮವ್ವ ಆಮೇಲೆ ಅಪ್ಪನ ಮುಂದೆ ಪಿಸುಗುಟ್ಟಿದಳು. ಅಜ್ಜಿ ಕಾಕಾನಿಗೆ "ದೀಪಾ ಆರಸು" ಎಂದಳು. ಕೋಣೆ ಕತ್ತಲಾದ ಮೇಲೆ "ಗೌರೀ, ಮುಖಾ ತೊಳ್ಕೊಂಡ ಬಾ" ಎಂದಳು. ಅಷ್ಟೇ.

ಕಡಲೆಹಿಟ್ಟು ಹಾಕಿ ತಿಕ್ಕಿ ತಿಕ್ಕಿ ಗೌರತ್ತಿಯ ಗಲ್ಲ ಗೀರಿದಂತೆ ಆಗಿತ್ತು. ಮರುದಿನದಿಂದ ಅರಿಶಿಣದ ಡಬ್ಬಿ ಅಜ್ಜಿಯ ದೇವರ ಕೋಣೆಗೆ ಹೋಯಿತು. ಸಾರಿಗೆ ಬೇಕೆಂದರೂ ಅತ್ತಿ ಬಾಗಿಲಲ್ಲಿ ನಿಂತು ಕೇಳಬೇಕು, ಅಜ್ಜಿ ಚಮಚದಲ್ಲಿ ಹಾಕಿ ಕೊಡಬೇಕು. ಅಜ್ಜಿ ಸಾಯುವವರೆಗೂ ಅದು ಹಾಗೆಯೇ ನಡೆಯಿತು. ಅತ್ತಿ ನನಗೆ ಎಂದಿನಂತೆ ತಲೆ ಬಾಚಿದಳು, ಹೂ ಮುಡಿಸಿದಳು. ಎರಡು ಬಾರಿಸಿದ್ದರೆ ನಾನು ಇಷ್ಟು ವರ್ಷ ಹೊತ್ತು ತಿರುಗಬೇಕಾಗಿರಲಿಲ್ಲ. ಸಣ್ಣವಳಿದ್ದೆ, ತಿಳಿಯದೆ ಮಾಡಿದೆ ಎಂದು ಕೇಳಿದವರಿಗೆಲ್ಲ ಹೇಳುತ್ತ ಬಂದೆ. ಅದು ಸುಳ್ಳು.

ಕಳೆದ ವರ್ಷ ಹಾವೇರಿಯ ನನ್ನ ಮನೆಯಲ್ಲೇ ಅವಳು ಹಾಸಿಗೆ ಹಿಡಿದಳು. ಒಂದು ಸಂಜೆ ಗಂಜಿ ಕುಡಿಸುತ್ತ ಧೈರ್ಯ ಮಾಡಿದೆ. "ಅತ್ತಿ, ಅವತ್ತ ನಾ ಬೇಕಂತನ ದೀಪಾ ಹಿಡಿದಿದ್ದೆ."

"ಗೊತ್ತೈತಿ" ಎಂದಳು. ಎರಡು ಗುಟುಕು ಕುಡಿದು, ಬಾಯಿ ಒರೆಸಿಕೊಂಡು, ಮೆಲ್ಲಗೆ ಕೇಳಿದಳು. "ಆ ಖೋಲ್ಯಾಗ ಕನ್ನಡಿ ಇರಲಿಲ್ಲ. ಹೆಂಗ ಕಾಣತಿದ್ನಿ ನಾ?"

"ಭಾಳ ಚಂದ ಕಾಣತಿದ್ದಿ" ಎಂದೆ.

ಅವಳು ನಂಬಿದಳು, ಕಣ್ಣು ಮುಚ್ಚಿ ಸ್ವಲ್ಪ ನಕ್ಕಳು. ತಿಂಗಳೊಳಗೆ ತೀರಿಕೊಂಡಳು. ಖರೇ ಹೇಳಬೇಕೆಂದರೆ ಆವತ್ತು ನಾನು ಅವಳ ಮುಖ ನೋಡಿರಲೇ ಇಲ್ಲ. ಅತ್ತಿಗೆ ಬೈಗುಳ ಯಾವಾಗ ಬೀಳುತ್ತದೆಂದು ಅಜ್ಜಿಯ ಮುಖವನ್ನೇ ನೋಡುತ್ತಿದ್ದೆ.